ಅಳಿಯನನ್ನು ಬೆಂಚಿಗೆ ಕೂರಿಸಿ

ಭಾನುವಾರ ತಂಡ ಸೋತರೆ ಸೋಮವಾರ ಆ ಮನೆಯ ಅಡುಗೆಗೆ ಉಪ್ಪು ಹೆಚ್ಚಾಗುತ್ತಿತ್ತು. ಆ ವರ್ಷ ತಂಡ ಸೋಲುತ್ತಲೇ ಇದ್ದುದರಿಂದ ಮನೆಯವರ ನಾಲಿಗೆ ಉಪ್ಪಿಗೆ ಒಗ್ಗಿಹೋಗಿತ್ತು. "ನಾನೇನು ಬೇಕಂತ ಹಾಕ್ತೀನಾ? ಕೈ ನಡುಗತ್ತೆ" ಎಂದು ಅಡುಗೆ ಮಾಡುವ ಮುದುಕಿ ಹೇಳುತ್ತಿದ್ದಳು. ಕೈ ನಡುಗುತ್ತಿದ್ದುದು ವಯಸ್ಸಿಗಲ್ಲ, ರೇಡಿಯೋಗೆ.

ಸೋಮವಾರ ಬೀದಿದೀಪ ಹತ್ತುವ ಹೊತ್ತಿಗೆ ಊರಿನ ರೇಡಿಯೋದಲ್ಲಿ ಫುಟ್‌ಬಾಲ್ ಕಾರ್ಯಕ್ರಮ ಬರುತ್ತಿತ್ತು. ಯಾರು ಬೇಕಾದರೂ ಫೋನ್ ಮಾಡಿ ತಂಡದ ಬಗ್ಗೆ ಮನಸ್ಸಿಗೆ ಬಂದದ್ದು ಹೇಳಬಹುದು. ಮುದುಕಿಯ ಗಂಡ, ರಿಟೈರಾದ ಬಸ್ ಡ್ರೈವರ್, ಒಂದು ವಾರವೂ ತಪ್ಪಿಸಿದವನಲ್ಲ. ಮನೆಯವರಿಗೆ ಕೇಳಿಸಬಾರದೆಂದು ಕೆಳಗಿನ ಚಹಾದಂಗಡಿಗೆ ಹೋಗಿ ಫೋನ್ ಮಾಡುತ್ತಿದ್ದ. ಬೀದಿಯ ಪ್ರತಿ ಮನೆಯ ರೇಡಿಯೋದಿಂದಲೂ ಅವನ ದನಿ ಹೊರಟು ಕಿಟಕಿಗಳ ಮೂಲಕ ಅವನ ಮನೆಗೇ ಬಂದು ಸೇರುತ್ತಿತ್ತು.

"ಹಳೇ ಡ್ರೈವರ್ ಮಾತಾಡ್ತಿರೋದು."

"ಹೇಳಿ ಯಜಮಾನ್ರೇ. ನಿಮ್ಮ ಫೋನ್ ಬರದಿದ್ರೆ ಸೋಮವಾರ ಸೋಮವಾರ ಅನ್ಸಲ್ಲ."

"ಸಾರ್, ಬ್ರೇಕ್ ಹಿಡೀದ ಬಸ್ಸನ್ನ ಯಾರಾದ್ರೂ ರಸ್ತೆಗೆ ಬಿಡ್ತಾರಾ? ಡಿಪೋದಲ್ಲಿ ನಿಲ್ಲಿಸ್ತಾರೆ. ಅದು ಬಸ್ಸಿಗೆ ಅವಮಾನ ಅಲ್ಲ. ನಮ್ಮ ಕೀಪರ್ ಕಾಲ ಮುಗೀತು. ಎಡಗಡೆ ಬಂದ ಚೆಂಡೆಲ್ಲಾ ಒಳಗೆ. ಒಳ್ಳೇ ಹೊಸ ಕೀಪರ್‌ನ ಕೂರಿಸ್ಕೊಂಡು ಉಪ್ಪಿನಕಾಯಿ ಹಾಕ್ತಿದ್ದಾರೆ."

"ಆದ್ರೆ ಕೀಪರ್ ನಿಮ್ಮ ಸ್ವಂತ ಅಳಿಯ ಅಲ್ವಾ?"

"ಮನೇಲಿ ಅಳಿಯ, ಮೈದಾನದಲ್ಲಿ ಕೀಪರ್. ಅಳಿಯನನ್ನ ಬೆಂಚಿಗೆ ಕೂರಿಸಿ. ಕೂರಿಸದ ಕೋಚನ್ನ ಮನೆಗೆ ಕಳಿಸಿ."

ಮೇಲೆ ಅಡುಗೆಮನೆಯ ಮೂಲೆಯಲ್ಲಿ ಅವನ ಮಗಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬೀದಿಯವರೆಲ್ಲ ಅವಳನ್ನು ಹೊಲಿಗೆಯಕ್ಕ ಎನ್ನುತ್ತಿದ್ದರು. ಅವಳ ಎದುರು ಮಣೆಯ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದವನು ಆ ಕೀಪರ್, ಅವಳ ಗಂಡ. ಹನ್ನೆರಡು ವರ್ಷದ ಮಗಳು ಚೂಟಿ ಕಿಟಕಿ ಮುಚ್ಚಲು ಎದ್ದಳು.

"ಇರ್ಲಿ ಬಿಡು. ಸೆಖೆ" ಎಂದ ಅವನು.

ಸೆಖೆಯೇನೂ ಇರಲಿಲ್ಲ.

ಹೊಲಿಗೆಯಕ್ಕನ ಅಪ್ಪ ಮೆಟ್ಟಿಲು ಹತ್ತಿ ಬಂದ. ಕೈಕಾಲು ತೊಳೆದು ಊಟಕ್ಕೆ ಕೂತ. ಅಡುಗೆಮನೆ ಇಕ್ಕಟ್ಟು. ಎಲ್ಲರೂ ಒಬ್ಬರ ಮೊಣಕೈ ಒಬ್ಬರಿಗೆ ತಾಗುವಂತೆ ಕೂರಬೇಕು. ಅನ್ನ, ಮೀನು, ಬೇಯಿಸಿದ ಆಲೂಗಡ್ಡೆ.

"ಅಳಿಯಂದಿರಿಗೆ ಇನ್ನೊಂದು ಮೀನು ಹಾಕು" ಎಂದ ಅಪ್ಪ ಹೆಂಡತಿಗೆ.

"ಸಾಕು ಮಾವ."

"ತಿನ್ನಿ. ಆಡೋರು ನೀವು."

ತಂಡ ಗೆಲ್ಲುತ್ತಿದ್ದಾಗ ಅಪ್ಪ ಅಳಿಯನನ್ನು 'ನೀನು' ಎಂದೇ ಕರೆಯುತ್ತಿದ್ದ. 'ಏನಯ್ಯಾ', 'ಬಾರಯ್ಯಾ' ಎಂದು ಬೆನ್ನು ತಟ್ಟುತ್ತಿದ್ದ. ಸೋಲು ಶುರುವಾದ ಮೇಲೆ ಮರ್ಯಾದೆ ಹೆಚ್ಚಾಗಿತ್ತು. ಆ ಮರ್ಯಾದೆಯ ಒಂದೊಂದು 'ನೀವು' ಹೊಲಿಗೆಯಕ್ಕನಿಗೆ ಬೆರಳಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು.

"ತಾತಾ, ಸ್ಕೂಲಲ್ಲಿ ನನ್ನ ಜರಡಿ ಮಗಳು ಅಂತಾರೆ" ಎಂದಳು ಚೂಟಿ. "ಮೊದಲು ಅಪ್ಪಂಗೆ ಗೋಡೆ ಅಂತಿದ್ರು. ಈಗ ಜರಡಿ. ನೀನು ರೇಡಿಯೋಲಿ ಹೇಳೋದು ಕೇಳಿ ಅವರೂ ಹೇಳ್ತಾರೆ."

"ನಾನು ಜರಡಿ ಅಂದಿಲ್ಲ. ಕಾಲ ಮುಗೀತು ಅಂದೆ. ಎರಡಕ್ಕೂ ವ್ಯತ್ಯಾಸ ಇದೆ."

"ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದಳು ಅಮ್ಮ ಒಲೆಯ ಕಡೆ ಮುಖ ಮಾಡಿ.

"ನಲವತ್ತು ವರ್ಷದಿಂದ ತಂಡ ನೋಡ್ತಿದೀನಿ. ಇದ್ದದ್ದು ಇದ್ದ ಹಾಗೆ ಹೇಳಿದೀನಿ. ಈಗ ಅಳಿಯ ಅಂತ ಬಾಯಿ ಹೊಲ್ಕೊಳ್ಲಾ?"

ಹೊಲಿಗೆಯಕ್ಕನ ಗಂಡ ಎದ್ದು ತಟ್ಟೆ ತೊಳೆಯಲು ಹೋದ. ಬಲಗೈಯಿಂದ ಉಜ್ಜಿ, ಎಡಗೈಯ ಮಣಿಕಟ್ಟಿನಿಂದ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದುಕೊಂಡ. ಅಪ್ಪ ನೋಡಲಿಲ್ಲ. ಹೊಲಿಗೆಯಕ್ಕ ನೋಡಿ ಕಣ್ಣು ತಿರುಗಿಸಿಕೊಂಡಳು.

ಈ ಅಳಿಯನನ್ನು ಆರಿಸಿದವನು ಅಪ್ಪನೇ. ತಂಡ ಮೇಲಿನ ಡಿವಿಷನ್ನಿಗೆ ಹೋದ ವರ್ಷ ಕೊನೆಯ ಪೆನಾಲ್ಟಿ ತಡೆದ ಹುಡುಗನನ್ನು ಕಂಡು, ಆಟ ಮುಗಿಸಿಕೊಂಡು ಬಂದವನೇ ಚಪ್ಪಲಿ ಕಳಚುವ ಮೊದಲು, "ಮಗಳಿಗೆ ಗಂಡು ಸಿಕ್ಕ ಕಣೇ" ಎಂದಿದ್ದ. "ನಿನಗೆ ಒಪ್ಪಿಗೆ ತಾನೇ?" ಎಂದು ಮಗಳನ್ನು ಕೇಳಿದ್ದು ನಿಜ. ಕೇಳುವ ಹೊತ್ತಿಗೆ ಚಹಾದಂಗಡಿಯವನಿಗೂ ಕಂಡಕ್ಟರನಿಗೂ ಮದುವೆಯ ತಿಂಗಳು ಗೊತ್ತಾಗಿತ್ತು. ಹುಡುಗ ಒಳ್ಳೆಯವನೇ ಆಗಿದ್ದ. ಅದರ ಬಗ್ಗೆ ಅವಳಿಗೆ ದೂರಿಲ್ಲ. ಆಮೇಲೆ ಕ್ಲಬ್ಬಿನವರು ಆಟಗಾರರ ಮನೆಗಳನ್ನು ಮಾರಿದಾಗ, "ಸ್ವಲ್ಪ ದಿನ ನಮ್ಮಲ್ಲೇ ಇರಿ" ಎಂದು ಕರೆತಂದವನೂ ಅಪ್ಪನೇ. ಆ ಸ್ವಲ್ಪ ದಿನ ಇನ್ನೂ ಮುಗಿದಿರಲಿಲ್ಲ. ಗಂಡ, ಹೆಂಡತಿ, ಚೂಟಿ ಮೂವರೂ ನಡುಕೋಣೆಯಲ್ಲಿ ಮಲಗುತ್ತಿದ್ದರು. ಮುಂದಿನ ಕೋಣೆ ಅಪ್ಪನದು. ಅಲ್ಲಿ ಅವನ ಆರಾಮಕುರ್ಚಿ, ರೇಡಿಯೋ, ಗೋಡೆ ತುಂಬ ತಂಡದ ಫೋಟೋ. ಯಂತ್ರಕ್ಕೆ ಅಡುಗೆಮನೆಯ ಮೂಲೆ. ಹೊಲಿದ ರವಿಕೆಗೆ ಮೀನಿನ ವಾಸನೆ ಎಂದು ಗಿರಾಕಿಗಳು ಮೂಗು ಮುರಿಯುತ್ತಿದ್ದರು.

ಊಟವಾದ ಮೇಲೆ ನಡುಕೋಣೆಯ ಬಾಗಿಲು ಹಾಕಿ ಅವಳು ಗಂಡನ ಎಡಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ನೀವಿದಳು. ಮಧ್ಯದ ಎರಡು ಬೆರಳು ಒಳಕ್ಕೆ ಬಾಗಿಯೇ ಇರುತ್ತಿದ್ದವು. ಸೀಸನ್ ಶುರುವಿನಲ್ಲಿ ಅಭ್ಯಾಸ ಮಾಡುವಾಗ ಗೋಲಿನ ಕಂಬಕ್ಕೆ ಬಡಿದು ನರ ಹರಿದಿತ್ತು. ಆಪರೇಷನ್ ಆಗಬೇಕು, ಆಮೇಲೆ ಆರು ತಿಂಗಳು ಚೆಂಡು ಮುಟ್ಟಬಾರದು ಎಂದು ಬೇರೆ ಊರಿನ ಡಾಕ್ಟರು ಹೇಳಿದ್ದರು. ಗಂಡ ಅವಳಿಗೆ ಬಿಟ್ಟು ಯಾರಿಗೂ, ಕೋಚ್‌ಗೂ ಕೂಡ, ಹೇಳಲಿಲ್ಲ. ಅವಳು ಶರ್ಟಿನ ಕಾಲರಿಗೆ ಹಾಕುವ ಗಟ್ಟಿ ಕ್ಯಾನ್ವಾಸನ್ನು ಪಟ್ಟಿ ಕತ್ತರಿಸಿ ಗ್ಲೌಸಿನ ಬೆರಳುಗಳೊಳಗೆ ಹೊಲಿದುಕೊಟ್ಟಳು. ಹೊರಗಿನಿಂದ ಬೆರಳು ನೆಟ್ಟಗೆ ಕಾಣುತ್ತಿತ್ತು. ಚೆಂಡು ಮಾತ್ರ ಅದಕ್ಕೆ ಮೋಸ ಹೋಗುತ್ತಿರಲಿಲ್ಲ.

"ಸೀಸನ್ ಮುಗಿಯೋವರೆಗೆ ಗೋಲು ನೀನೇ ಕಾಯಿ. ಮುಂದಿನ ವರ್ಷ ಕೀಪರ್‌ಗಳಿಗೆ ಕಲಿಸೋ ಕೆಲಸ ನಿನಗೇ" ಎಂದು ಕೋಚ್ ಮಾತು ಕೊಟ್ಟಿದ್ದ. ಆ ಕೆಲಸದ ಜೊತೆ ಮೈದಾನದ ಹಿಂದೆ ಎರಡು ಕೋಣೆಯ ಕ್ವಾರ್ಟರ್ಸ್ ಇತ್ತು. ಒಂದು ಮಧ್ಯಾಹ್ನ ಗಂಡಹೆಂಡತಿ ಹೋಗಿ ನೋಡಿಯೂ ಬಂದಿದ್ದರು. ಖಾಲಿ ಮನೆ, ನಲ್ಲಿಯಲ್ಲಿ ತುಕ್ಕುನೀರು, ಗೋಡೆಯಲ್ಲಿ ಬಿರುಕು. "ಬಾಗಿಲು ಹಾಕ್ಕೊಂಡ್ರೆ ನಾವೇ" ಎಂದು ಅವಳು ನಕ್ಕಿದ್ದಳು. ಹೆಚ್ಚೇನೂ ಹೇಳಿರಲಿಲ್ಲ.

"ಅಪ್ಪಂಗೆ ಹೇಳ್ಬಿಡೋಣ್ವಾ?" ಎಂದು ಈಗ ಕೇಳಿದಳು.

"ಹೇಳಿದ್ರೆ ಸೋಮವಾರ ರೇಡಿಯೋಲಿ ಬರತ್ತೆ."

"ಹೇಳದಿದ್ರೆ ಕೋಚ್ ಹೋಗ್ತಾರೆ. ಕೋಚ್ ಹೋದ್ರೆ..."

"ಅತ್ತ ದರಿ, ಇತ್ತ ಪುಲಿ. ಮಲಗು."

ಮುಂದಿನ ಭಾನುವಾರ ತಂಡ ಮತ್ತೆ ಸೋತಿತು. ಅದರ ಮುಂದಿನ ಭಾನುವಾರವೂ. ಊರಿನಲ್ಲಿ ಕೋಚಿಂಗ್ ಗೊತ್ತಿಲ್ಲದವರೇ ಉಳಿಯಲಿಲ್ಲ. ಅಳತೆ ಕೊಡಲು ಬಂದ ನರ್ಸಮ್ಮ, ತೋಳು ಎತ್ತಿ ನಿಂತುಕೊಂಡೇ, "ಮಧ್ಯದಲ್ಲಿ ಮೂರು ಜನ ಆಡ್ಸೋದು ಯಾವ ಬುದ್ಧಿ?" ಎಂದಳು. ಬೇಕರಿಯವನು ಬ್ರೆಡ್ ಕಟ್ಟುತ್ತ, "ಅಕ್ಕಾ, ಬೇಜಾರ್ ಮಾಡ್ಕೋಬೇಡಿ, ನಿಮ್ಮ ಯಜಮಾನ್ರ ಬಗ್ಗೆ ಅಲ್ಲ, ಆದ್ರೂ ಎಡಗಡೆ..." ಎಂದ. ಬೇಜಾರು ಮಾಡಿಕೊಳ್ಳಬೇಡಿ ಎಂದು ಶುರು ಮಾಡಿದವರೆಲ್ಲ ಬೇಜಾರಾಗುವುದನ್ನೇ ಹೇಳುತ್ತಿದ್ದರು. ಅವಳಿಗೆ ಕಷ್ಟವಾಗಿದ್ದು ಅವರ ಮಾತು ಸುಳ್ಳಾಗಿದ್ದಕ್ಕಲ್ಲ. ಅಪ್ಪನ ಮಾತೂ ಬೇಕರಿಯವನ ಮಾತೂ ನಿಜವಾಗಿತ್ತು. ಹೊಸ ಕೀಪರ್ ಚೆನ್ನಾಗಿ ಆಡುತ್ತಾನೆಂದು ಗಂಡನೇ ಹೇಳಿದ್ದ.

ಆಮೇಲೆ ಬಂದವನು ಕಟಿಂಗ್ ಅಂಗಡಿಯವನು, ಅಭಿಮಾನಿ ಸಂಘದ ಅಧ್ಯಕ್ಷ. ಕಂಕುಳಲ್ಲಿ ಬಿಳಿ ಬಟ್ಟೆಯ ದೊಡ್ಡ ಸುರುಳಿ.

"ಹೊಲಿಗೆಯಕ್ಕಾ, ಎರಡು ಪನ್ನ ಬಟ್ಟೆ ಅಗಲಕ್ಕೆ ಸೇರಿಸಿ ಅಂಚು ಹೊಲಿದುಕೊಡ್ಬೇಕು. ಎರಡು ಕಡೆ ಕೋಲು ತೂರೋಹಾಗೆ. ಭಾನುವಾರದ ಒಳಗೆ."

"ಬ್ಯಾನರ್ರಾ?"

"ಹೂಂ. ಹೊಲಿಗೆ ಮಾತ್ರ ನಿಮ್ದು. ಅಕ್ಷರ ಪೇಂಟರ್ ಬರೀತಾನೆ."

"ಏನಂತ ಬರೀತಾನೆ?"

ಅವನು ತನ್ನ ಚಪ್ಪಲಿ ನೋಡಿಕೊಂಡ. "ಅದು... ತಂಡ ಉಳಿಸಿ ಅಂತ."

"ಅಷ್ಟಕ್ಕೆ ಇಷ್ಟುದ್ದ ಬಟ್ಟೆ ಯಾಕಣ್ಣ?"

"ಅಕ್ಕಾ, ನಮ್ಮ ಧ್ವಜ ಎಲ್ಲಾ ಹೊಲಿದಿದ್ದು ನೀವೇ ಅಲ್ವಾ. ಬೇರೆ ಕಡೆ ಹೋಗೋದು ಸರಿ ಅಲ್ಲ ಅಂತ ನಿಮ್ಮ ತಂದೆಯೋರೇ ಹೇಳಿದ್ರು. ಮಗಳಿಗೆ ಕೆಲಸ ಸಿಗ್ಲಿ ಅಂತ."

ಅವಳು ಬಟ್ಟೆ ಇಸಿದುಕೊಂಡಳು. ಅವನು ಹೋದ ಮೇಲೆ ಅದನ್ನು ಬಿಚ್ಚಿ ಅಡುಗೆಮನೆಯ ನೆಲದ ಮೇಲೆ ಹಾಸಿದಳು. ಸಾಲಲಿಲ್ಲ. ನಡುಕೋಣೆಯವರೆಗೆ ಹೋಯಿತು. ಅಮ್ಮ ಒಲೆಯ ಹತ್ತಿರ ಹೋಗಲು ಅದರ ಅಂಚು ತುಳಿಯದೆ ಗೋಡೆಗೆ ಒರಗಿ ನಡೆದಳು.

"ಇದ್ಯಾರ ಮನೆ ಪರದೆ?"

"ನಮ್ಮನೇದೇ" ಎಂದಳು ಹೊಲಿಗೆಯಕ್ಕ.

ಅಪ್ಪ ಮಹಡಿಯ ಮೇಲೆ ಒಗೆದ ಬಟ್ಟೆ ಹರವುತ್ತಿದ್ದ. ಅದು ಅವನದೇ ಕೆಲಸ. ರಿಟೈರಾದಂದಿನಿಂದ ಯಾರ ಕೈಗೂ ಬಿಟ್ಟಿರಲಿಲ್ಲ. ತಂತಿಯ ಮೇಲೆ ಅಳಿಯನ ಹಸಿರು ಜರ್ಸಿಯನ್ನು ಕೊಡವಿ, ಭುಜ ಸುಕ್ಕಾಗದಂತೆ ಎಳೆದು ಕ್ಲಿಪ್ ಹಾಕುತ್ತಿದ್ದ.

"ಅಪ್ಪ, ಬ್ಯಾನರ್ ನಾನು ಹೊಲೀಬೇಕಾ?"

"ಹೊಲಿಗೆ ಹೊಲಿಗೆ. ಬರೆಯೋದು ಅವರು. ಬೇಡ ಅಂದ್ರೆ ಮಾರ್ಕೆಟ್ಟಲ್ಲಿ ಇನ್ನೊಬ್ರು ಹೊಲೀತಾರೆ, ಅಷ್ಟೇ."

"ನನ್ನ ಗಂಡನ್ನ ಹೊರಗೆ ಹಾಕಿ ಅಂತ ಬರೆಯೋ ಬಟ್ಟೆ ಅದು."

"ತಂಡದಿಂದ."

"ನೀನೇ ತಂದ ಹುಡುಗ ಅಪ್ಪ. ಆರಿಸಿದ್ದು ನೀನು. ಈಗ ಬೇಡ ಅನ್ನೋನೂ ನೀನು. ತಂಡಕ್ಕಾದ್ರೆ ಇನ್ನೊಬ್ಬ ಕೀಪರ್ ಬರ್ತಾನೆ. ನಾನು ಎಲ್ಲಿಂದ ತರ್ಲಿ?"

"ಮಾತು ಎಲ್ಲಿಂದ ಎಲ್ಲಿಗೋ ಒಯ್ಯಬೇಡ. ಅವರಿಗೇ ಹೇಳು, ಒಂದು ಸಲ ತಾವಾಗೇ ಬೆಂಚಿಗೆ ಹೋಗಿ ಕೂತ್ಕೊಳ್ಲಿ. ಊರು ತಲೆ ಮೇಲೆ ಹೊತ್ಕೊಳ್ಳತ್ತೆ. ಅದೇನು ಹಟ ಅವರಿಗೆ? ದುರಹಂಕಾರ!"

ಗಂಡನಿಗೆ ಏನು ಬೇಕಾದರೂ ಹೇಳಬಹುದಿತ್ತು, ದುರಹಂಕಾರ ಒಂದು ಬಿಟ್ಟು. ಅವಳ ಬಾಯಿ ಕಟ್ಟೆ ಒಡೆಯಿತು. ಕಂಬಕ್ಕೆ ಬಡಿದ ಕೈ, ಡಾಕ್ಟರ ಮಾತು, ಗ್ಲೌಸಿನೊಳಗಿನ ಕ್ಯಾನ್ವಾಸ್, ಬೆಳಿಗ್ಗೆ ತಾನು ಹಾಕಿಕೊಡುವ ಶರ್ಟಿನ ಗುಂಡಿ, ಕೋಚ್ ಕೊಟ್ಟ ಮಾತು, ಎಲ್ಲ ಹೇಳಿದಳು. ಕ್ವಾರ್ಟರ್ಸಿನ ಮಾತು ಬಂದಾಗ ಮಾತ್ರ ಸ್ವಲ್ಪ ತಡೆದಳು. ಆಮೇಲೆ ಅದನ್ನೂ ಹೇಳಿದಳು.

ಅಪ್ಪ ಒದ್ದೆ ಜರ್ಸಿಯನ್ನು ಹಿಡಿದುಕೊಂಡೇ ನಿಂತಿದ್ದ.

"ಇಲ್ಲಿಂದ ಹೋಗೋಕೆ ನೋಡ್ತಿದ್ರಾ?"

ಅಷ್ಟೆಲ್ಲದರಲ್ಲಿ ಅವನು ಮೊದಲು ಹೆಕ್ಕಿಕೊಂಡದ್ದು ಅದನ್ನು.

"ಅಪ್ಪ, ಕೈ ಬಗ್ಗೆ ಹೇಳಿದೆ ನಾನು."

"ಕೇಳ್ತು." ಅವನು ಜರ್ಸಿಯ ಎಡತೋಳನ್ನು ಸರಿಪಡಿಸಿದ. "ಆ ಕೈಯಲ್ಲಿ ಇಷ್ಟು ದಿನ ಆಡಿದ್ನಾ?"

"ಹೂಂ."

"ಕತ್ತೆ" ಎಂದ. ಆದರೆ ಬೈದಂತೆ ಕೇಳಲಿಲ್ಲ.

ಬ್ಯಾನರನ್ನು ಅವಳು ಹೊಲಿದೇ ಕೊಟ್ಟಳು. ಕೊಡದಿದ್ದರೆ ಯಾಕೆ ಕೊಡಲಿಲ್ಲ ಎಂದು ಊರೆಲ್ಲ ಕೇಳುತ್ತಿತ್ತು. ಭಾನುವಾರ ಅದು ಗ್ಯಾಲರಿಯ ಉದ್ದಕ್ಕೂ ಹರಡಿ ನಿಂತಿತು: ಕೋಚ್ ಹೊರಗೆ, ಜರಡಿ ಹೊರಗೆ. ಗಾಳಿ ಜೋರಾಗಿತ್ತು. ಹೊಲಿಗೆ ಗಟ್ಟಿಯಾಗಿತ್ತು. ತಂಡ ಸೋತಿತು.

ಆ ಸೋಮವಾರ ಅಪ್ಪ ಚಹಾದಂಗಡಿಗೆ ಹೊರಟಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತೊಂದಿನ ಬಿಡ್ರೀ."

"ಸರಿ ಕಣೇ, ಗೊತ್ತು" ಎಂದು ಅವಳನ್ನು ಮೆಲ್ಲಗೆ ಸರಿಸಿ ಹೋದ.

ಕಿಟಕಿಗಳಿಂದ ದನಿ ಬಂತು. "ಹಳೇ ಡ್ರೈವರ್. ಇವತ್ತು ಕೀಪರ್ ಬಗ್ಗೆ ಅಲ್ಲ. ಡಿಫೆನ್ಸ್ ಬಗ್ಗೆ. ಎಡಗಡೆ ಬ್ಯಾಕ್ ಎಲ್ಲಿರ್ತಾನೆ ಸಾರ್? ಕೀಪರ್‌ಗೆ ಚೆಂಡೇ ಕಾಣಲ್ಲ. ಕಾಣದೇ ಇರೋದನ್ನ ಹಿಡಿಯೋದು ಹೇಗೆ? ಮೈದಾನದ ಆ ಮೂಲೆ ಇಳಿಜಾರು ಬೇರೆ."

ಕಾರ್ಯಕ್ರಮದವನಿಗೆ ನಗು ತಡೆಯಲಾಗಲಿಲ್ಲ. "ಯಜಮಾನ್ರೇ, ಮೊನ್ನೆ ಮೊನ್ನೆ ಬ್ರೇಕ್ ಹೋದ ಬಸ್ಸು ಅಂದ್ರಿ. ಈ ವಾರ ರಸ್ತೆ ಸರಿ ಇಲ್ವಾ?"

"ನಾನು ಹೇಳೋದು..."

"ಮನೇಲಿ ಊಟ ನಿಲ್ಲಿಸಿಬಿಟ್ರಾ?"

ಮುಂದೆ ಫೋನ್ ಮಾಡಿದ ನಾಲ್ಕು ಜನವೂ ತಂಡದ ಮಾತು ಬಿಟ್ಟು ಹಳೇ ಡ್ರೈವರನ ಮಾತೇ ಆಡಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದ ಒಬ್ಬ. ಅಳಿಯನ ವಕೀಲ ಎಂದ ಇನ್ನೊಬ್ಬ. ಆ ದನಿ ಕಟಿಂಗ್ ಅಂಗಡಿಯವನದು. ಅವನು ಅದೇ ಚಹಾದಂಗಡಿಯಲ್ಲಿ, ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಮಾತಾಡಿದ್ದನೆಂದು ಆಮೇಲೆ ಗೊತ್ತಾಯಿತು.

ಅಪ್ಪ ಮನೆಗೆ ಬಂದು ಊಟ ಬೇಡ ಎಂದ. ನಲವತ್ತು ವರ್ಷದಿಂದ ಆ ಬಾಯಿಂದ ಬಂದ ಮಾತನ್ನು ಊರು ಬೈದಿತ್ತು, ಎದುರು ವಾದ ಹೂಡಿತ್ತು. ನಕ್ಕಿರಲಿಲ್ಲ.

ಗಂಡ ನಡುಕೋಣೆಯಲ್ಲಿ ಹೆಂಡತಿಯ ಕಡೆ ತಿರುಗಿದ.

"ಹೇಳ್ಬಿಟ್ಟೆಯಾ?"

"ಹೇಳ್ದೆ."

"ಯಾಕೆ?"

"ನಿಮಗೆ ದುರಹಂಕಾರ ಅಂದ್ರು. ಕೇಳಕ್ಕಾಗ್ಲಿಲ್ಲ ರೀ."

ಅವನು ಬಾಗಿದ ಬೆರಳುಗಳನ್ನು ಬಲಗೈಯಿಂದ ಮುಚ್ಚಿಕೊಂಡ. "ಬೈಸ್ಕೊಳ್ಳೋದು ಅಭ್ಯಾಸ ಆಗಿತ್ತು ನಂಗೆ. ಮಾವ ನನಗೋಸ್ಕರ ಸುಳ್ಳು ಹೇಳೋದು ನೋಡಕ್ಕಾಗಲ್ಲ. ಅವರಿಗೆ ಸುಳ್ಳು ಹೇಳೋಕೂ ಬರಲ್ಲ. ಮೈದಾನ ಇಳಿಜಾರಂತೆ!"

"ಮೂರೇ ಆಟ ಉಳಿದಿರೋದು. ಹೇಗಾದ್ರೂ ಮಾಡಿ..."

"ಈಗಾಗ್ಲೇ ಎಷ್ಟು ಗೋಲು ನನ್ನ ಲೆಕ್ಕದಲ್ಲಿದೆ ಗೊತ್ತಾ? ಹತ್ತು ಜನ ಆಟಗಾರರು ಓಡಿ ಓಡಿ ಸಾಯ್ತಾರೆ, ನಾನು ಕ್ವಾರ್ಟರ್ಸ್ ಕಾಯ್ತಾ ನಿಂತಿರ್ತೀನಿ."

ಅವಳಿಗೆ ಸಿಟ್ಟು ಬಂತು. "ಹೌದು, ಕಾಯ್ತಾ ನಿಂತಿರಿ. ನನಗೋಸ್ಕರ ನಿಂತಿರಿ. ಊರಿಗೆ ಹನ್ನೊಂದು ಜನ ಇದ್ದಾರೆ. ನನಗೆ ಯಾರಿದ್ದಾರೆ?"

ಚೂಟಿ ಹೊದಿಕೆಯೊಳಗೆ ಮಗ್ಗುಲು ಬದಲಿಸಿದಳು. ಆ ಮನೆಯಲ್ಲಿ ಜಗಳಕ್ಕೂ ಪೂರ್ತಿ ಜಾಗ ಇರಲಿಲ್ಲ.

ಬೆಳಿಗ್ಗೆ ಅವನು ತಾನೇ ಶರ್ಟಿನ ಗುಂಡಿ ಹಾಕಿಕೊಳ್ಳಲು ನೋಡಿದ. ಆಗಲಿಲ್ಲ. ಅವಳು ಬಂದು ಹಾಕಿದಳು, ಮುಖ ನೋಡದೆ. ಅವನು ಹೋಗಿ ಕೋಚನ ಮುಂದೆ ಕೈ ಚಾಚಿ ತೋರಿಸಿದ.

ಉಳಿದ ಮೂರು ಆಟ ಹೊಸ ಕೀಪರ್ ಆಡಿದ. ಒಂದು ಸೋಲು, ಒಂದು ಸಮ. ಕೊನೆಯದನ್ನು ಗೆದ್ದರು. ಕೂದಲೆಳೆಯಲ್ಲಿ ತಂಡ ಡಿವಿಷನ್ನಿನಲ್ಲಿ ಉಳಿಯಿತು. ಬೀದಿಯಲ್ಲಿ ಪಟಾಕಿ, ಕಾರುಗಳ ಹಾರನ್. ಅಪ್ಪ ಆಟ ನೋಡಿಕೊಂಡು ಬಂದವನು ಮೆಟ್ಟಿಲ ಮೇಲೆಯೇ ನಿಂತು ಕೊರಳಿನ ತಂಡದ ಸ್ಕಾರ್ಫ್ ಬಿಚ್ಚಿ ಜೇಬಿಗೆ ತುರುಕಿಕೊಂಡ. ಒಳಗೆ ಅಳಿಯ ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತಿದ್ದ. ಆಪರೇಷನ್ ಆಗಿ ಎರಡು ದಿನವಾಗಿತ್ತು.

"ಹುಡುಗ ಹೇಗಾಡ್ದ ಮಾವ?"

"ಪರವಾಗಿಲ್ಲ" ಎಂದ ಅಪ್ಪ ಹುಷಾರಾಗಿ.

"ಕಾರ್ನರ್‌ಗೆ ಮುಂದೆ ಬರ್ತಿದ್ನಾ? ನಾನು ಹೇಳ್ಕೊಟ್ಟಿದ್ದೆ."

"ಬಂದ ಕಣಯ್ಯಾ! ಎರಡು ಸಲ ಬಂದ. ಮೂರನೇ ಸಲ ಅಲ್ಲೇ ನಿಂತ್ಬಿಟ್ಟ, ನನ್ನ ಜೀವ ಬಾಯಿಗೆ ಬಂತು ನೋಡು..."

'ಕಣಯ್ಯಾ' ಕೇಳಿ ಅಡುಗೆಮನೆಯಲ್ಲಿ ಅಮ್ಮ ಸೌಟು ಕೆಳಗಿಟ್ಟಳು. ಹೊಲಿಗೆಯಕ್ಕನ ಎದೆಯೂ ಒಂದು ಗಳಿಗೆ ಹಗುರಾಯಿತು. ಅಷ್ಟು ಹೊತ್ತಿಗೆ ಅಪ್ಪ ಜೇಬಿನಿಂದ ಸ್ಕಾರ್ಫ್ ತೆಗೆದು ಅಳಿಯನ ಹೆಗಲಿಗೆ ಹಾಕಿದ್ದ.

ಗೆದ್ದರೂ ಕೋಚ್ ಉಳಿಯಲಿಲ್ಲ. ಗಾಯಗೊಂಡವನನ್ನು ಇಡೀ ಸೀಸನ್ ಆಡಿಸಿದ ಕೋಚ್ ನಮಗೆ ಬೇಡ ಎಂದು ಅಭಿಮಾನಿ ಸಂಘ ಮತ್ತೆ ಬ್ಯಾನರ್ ಹಿಡಿಯಿತು. ಅದಕ್ಕೆ ಬಟ್ಟೆ ಹಳೆಯದೇ, 'ಜರಡಿ' ಎಂಬಲ್ಲಿ ಸುಣ್ಣ ಬಳಿದಿದ್ದರು. ಹೊಸ ಕೋಚ್ ತನ್ನ ಕಡೆಯವನನ್ನೇ ಕೀಪರ್‌ಗಳಿಗೆ ಕಲಿಸಲು ಕರೆತಂದ. ಕ್ವಾರ್ಟರ್ಸಿಗೆ ಬಣ್ಣ ಹೊಡೆಯುತ್ತಿದ್ದಾರೆಂದು ನರ್ಸಮ್ಮ ರವಿಕೆ ಒಯ್ಯಲು ಬಂದಾಗ ಹೇಳಿದಳು. "ನಿಮಗೆ ಅಂತಾನೇ ಅಂದ್ಕೊಂಡಿದ್ದೆ" ಎಂದೂ ಸೇರಿಸಿದಳು.

ಒಂದು ಬೆಳಿಗ್ಗೆ ಹೊಲಿಗೆಯಕ್ಕ ಗುಂಡಿ, ನೂಲು ತರಲು ಮಾರ್ಕೆಟ್ಟಿಗೆ ಹೋಗಿದ್ದಳು. ವಾಪಸು ಬರುವಷ್ಟರಲ್ಲಿ ಅಪ್ಪನ ಆರಾಮಕುರ್ಚಿ ಕೋಣೆಗಳ ನಡುವಿನ ಓಣಿಯಂಥ ನಡೆಯಲ್ಲಿತ್ತು. ರೇಡಿಯೋ ಅದರ ಪಕ್ಕದಲ್ಲಿ ಸ್ಟೂಲಿನ ಮೇಲೆ. ಮುಂದಿನ ಕೋಣೆಯಲ್ಲಿ ಅಪ್ಪ ಮೊಳೆ ಕೀಳುತ್ತ ಫೋಟೋಗಳನ್ನು ಇಳಿಸುತ್ತಿದ್ದ. ಗಂಡ ಒಂದೇ ಕೈಯಲ್ಲಿ ಯಂತ್ರದ ಒಂದು ಬದಿ ಹಿಡಿದಿದ್ದ, ಇನ್ನೊಂದು ಬದಿಗೆ ಚೂಟಿ.

"ಇದೇನಪ್ಪ?"

"ನಿನಗೇ. ಬೀದಿ ಕಡೆ ಇದೆ, ಗಿರಾಕಿ ಸೀದಾ ಬರ್ತಾರೆ. ಮೀನು ವಾಸನೆ ತಾಪತ್ರಯ ಇಲ್ಲ. ಬೋರ್ಡಿಗೆ ಪೇಂಟರ್‌ಗೂ ಹೇಳಿದೀನಿ." ಅಪ್ಪ ಬೆವರು ಒರೆಸಿಕೊಂಡ. ಮುಖದಲ್ಲಿ ಬಹಳ ದಿನದಿಂದ ಕಾಣದ ಖುಷಿ. "ಇವನ ಕೈ ಸರಿಹೋಗೋವರೆಗೆ ಮನೆ ನಿನ್ನ ಹೊಲಿಗೆ ಮೇಲೇ ತಾನೇ. ಇನ್ನು ಎಲ್ಲಿಗೂ ಹೋಗೋ ಮಾತು ಬೇಡ. ಏನು?"

ಗಂಡ ಅವಳ ಮುಖ ನೋಡಿ ಕಣ್ಣು ತಗ್ಗಿಸಿದ. ಅಪ್ಪ ಕಾಯುತ್ತಿದ್ದ. ಇಷ್ಟು ವರ್ಷದಲ್ಲಿ ಆ ಕೋಣೆಯ ಕುರ್ಚಿಯನ್ನು ಗುಡಿಸಲು ಕೂಡ ಅಲ್ಲಾಡಿಸಗೊಟ್ಟವನಲ್ಲ. ಈಗ ತಾನೇ ಎತ್ತಿ ಆಚೆ ಇಟ್ಟಿದ್ದಾನೆ. ಇದಕ್ಕೆ ಏನೆಂದು ಜಗಳವಾಡುವುದು?

"ಚೆನ್ನಾಗಿದೆ ಅಪ್ಪ" ಎಂದಳು.

ಅವರು ಯಂತ್ರವನ್ನು ಕೂರಿಸಿ, ಅಲುಗಾಡದಂತೆ ಕಾಲಿನ ಕೆಳಗೆ ರಟ್ಟು ತುರುಕಿ ಹೋದರು. ನಡೆಯಲ್ಲಿ ಮಾವ ಅಳಿಯ ಹೊಸ ಕೋಚನ ತಂಡದ ಮಾತಿಗೆ ಕೂತರು. ಎಡಗಡೆ ಆ ಕುಳ್ಳನನ್ನು ಆಡಿಸುವುದು ಹುಚ್ಚು ಎಂದು ಒಬ್ಬ, ಹುಚ್ಚಲ್ಲ ಅದೇ ಸರಿ ಎಂದು ಇನ್ನೊಬ್ಬ. ದನಿ ಏರಿತು, ಆಮೇಲೆ ಇಬ್ಬರೂ ಜೋರಾಗಿ ನಕ್ಕರು.

ಅಮ್ಮ ಚಹಾ ತಂದು ಯಂತ್ರದ ಮೇಲಿಟ್ಟಳು. ಖಾಲಿ ಗೋಡೆ, ಫೋಟೋಗಳ ಜಾಗದ ಬಿಳಿ ಚೌಕಗಳು, ಮಗಳು, ಎಲ್ಲವನ್ನೂ ನೋಡಿದಳು.

"ಚೆನ್ನಾಗಿದೆ ಅಂದ್ಯಾ?"

"ಹೂಂ."

"ನನಗೆ ಆ ಅಡುಗೆಮನೆ ಕಟ್ಟಿಸಿಕೊಟ್ಟಾಗ ನಾನೂ ಹಂಗೇ ಅಂದೆ" ಎಂದಳು ಅಮ್ಮ. ಸೆರಗಿನಿಂದ ಯಂತ್ರದ ಮೇಲಿನ ಧೂಳು ಒರೆಸಿದಳು. "ಕುಡಿ, ಆರಿಹೋಗತ್ತೆ."